ಎಂಟನೆಯ ಬೋಲ್ಟು

"ಹಿಂದಿನಿಂದ ಎತ್ತು, ಹಿಂದಿನಿಂದ! ಬ್ರೇಕ್ ಹಿಡ್ಕೊಂಡಿದೆ ಅದು," ಎಂದು ಪಕ್ಕದ ಮನೆಯ ದರ್ಜಿ ಕೂಗಿದ. ಮನೆಯ ಯಜಮಾನನ ತಮ್ಮ ಏದುಸಿರು ಬಿಡುತ್ತ ಸ್ಕೂಟರಿನ ಹಿಂಚಕ್ರ ಎತ್ತಿ ಗೋಡೆಯ ಕಡೆಗೆ ಎಳೆದ. ಅಂಗಳದಲ್ಲಿ ಇನ್ನೂ ಎರಡು ಸ್ಕೂಟರು, ಒಂದು ನೀರಿನ ಪಂಪು, ಹೊಟ್ಟೆ ಬಿಚ್ಚಿದ ವಾಷಿಂಗ್ ಮಷೀನು ಇದ್ದವು. ಎಲ್ಲ ಅಣ್ಣನ ಕೈಗೆ ಬಂದು ಅರ್ಧಕ್ಕೆ ನಿಂತ ಕೆಲಸಗಳು. ಅವನ್ನು ಸರಿಸದೆ ಕುರ್ಚಿ ಹಾಕಲು ಜಾಗವಿರಲಿಲ್ಲ. ಹನ್ನೊಂದಕ್ಕೆ ವ್ಯಾನು ಬರುವುದಿತ್ತು. ಅಣ್ಣ ಒಳಗೆ ನಡುಮನೆಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಪೆಟ್ಟಿಗೆಯಲ್ಲಿ ಮಲಗಿದ್ದ.

"ನಮ್ಮನೆ ಮಿಕ್ಸಿ ಕೊಟ್ಟಿದ್ದೆ ಒಂದ್ಸಲ," ಎಂದು ದರ್ಜಿ ಕುರ್ಚಿಯಲ್ಲಿ ಕೂತವರಿಗೆ ಹೇಳಿದ. "ನಾಲ್ಕು ಸ್ಕ್ರೂ ಹಾಕೋಕೆ ಒಂದು ಗಂಟೆ! ಬಿಗಿ ಅಳೆಯೋಕೆ ಮೀಟರ್ ಬೇರೆ. ಇದು ಮಿಕ್ಸಿನೋ ವಿಮಾನಾನೋ ಮಾರಾಯ ಅಂದೆ. ಪುಣ್ಯಾತ್ಮ ನಗಲೇ ಇಲ್ಲ."

ಒಂದಿಬ್ಬರು ನಕ್ಕು, ಎಲ್ಲಿದ್ದೇವೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು.

"ಮೊದಲು ದೊಡ್ಡ ದೊಡ್ಡ ಸ್ಪೋರ್ಟ್ಸ್ ಕಾರಿನ ಇಂಜಿನ್ ಕಟ್ತಿದ್ದರಂತಲ್ಲ," ಎಂದರು ಎದುರುಮನೆಯ ಟೀಚರು. "ಯಾಕೆ ಬಿಟ್ಟರು?"

"ಯಾವಾಗಲೋ ಕೈ ತಪ್ಪಿತಂತೆ. ಅವನೇ ಹೇಳ್ತಿದ್ದ," ಎಂದ ದರ್ಜಿ.

ಕುರ್ಚಿ ಬಿಡಿಸುವ ನೆಪದಲ್ಲಿ ತಮ್ಮ ಅಲ್ಲಿಂದ ಸರಿದ.

*

ಇಪ್ಪತ್ತೆರಡು ವರ್ಷಗಳ ಹಿಂದೆ ಗ್ಯಾರೇಜು ಅಣ್ಣತಮ್ಮಂದಿರಿಬ್ಬರದಾಗಿತ್ತು. ಅಣ್ಣ ಇಂಜಿನ್ ಕಟ್ಟುತ್ತಿದ್ದ, ತಮ್ಮ ಸಾಮಾನು ತಂದು, ತೊಳೆದು, ಜೋಡಿಸಿಡುತ್ತಿದ್ದ. ಆ ವಾರ ಮೇಜಿನ ಮೇಲಿದ್ದುದು ಒಬ್ಬ ಡಾಕ್ಟರ ಕೆಂಪು ಸ್ಪೋರ್ಟ್ಸ್ ಕಾರಿನ ಇಂಜಿನ್ನು.

ಪಿಸ್ಟನ್ ರಾಡುಗಳನ್ನು ಹಿಡಿದಿಡುವ ಬೋಲ್ಟು ಎಂಟು. ಬೆರಳುದ್ದದವು. ಆದರೆ ಅವುಗಳ ವಿಷಯದಲ್ಲಿ ಅಣ್ಣನ ಹಟ ಮಹಾ ಹಟ. "ಒಂದು ಸಲ ಬಿಗಿಸಿಕೊಂಡ ಬೋಲ್ಟು ಒಳಗೇ ಹಿಗ್ಗಿ ಹೋಗಿರುತ್ತೆ ಕಣೋ. ನೋಡೋಕೆ ಹೊಸದರ ಹಾಗೇ ಇರುತ್ತೆ, ನಂಬಿದರೆ ಕೆಟ್ಟೆ. ಎಂಟಕ್ಕೆ ಎಂಟೂ ಹೊಸದೇ ಬೇಕು." ಗಾತ್ರ, ಉದ್ದ, ತಲೆಯ ಮೇಲೆ ಕೊರೆದ ಸಂಖ್ಯೆ, ಎಲ್ಲ ಚೀಟಿಯಲ್ಲಿ ಬರೆದು ಕೊಡುತ್ತಿದ್ದ. ಅಂಗಡಿಯವನು ಬೇರೆ ಯಾವುದನ್ನು ಕೊಟ್ಟರೂ ತಮ್ಮ ವಾಪಸು ಹೋಗಬೇಕಿತ್ತು.

ಆ ಸಲ ಮೂರನೇ ಅಂಗಡಿಯಲ್ಲಿ ಸರಿಯಾದ ಎಂಟು ಸಿಕ್ಕವು. ತೊಳೆಯುವಾಗ ಒಂದು ತಮ್ಮನ ಕೈಜಾರಿ ಕಲ್ಲಿನ ಮೇಲೆ ಬಿತ್ತು. ಅದರ ತಿರುಪಿನ ಗೆರೆಗಳಿಗೆ ಪೆಟ್ಟಾಯಿತು. ಇನ್ನೊಂದು ತರಿಸಲು ನಾಲ್ಕು ದಿನ. ಅಣ್ಣನ ಬೈಗುಳ ಬೇರೆ. ಸಂಜೆ ಐದಕ್ಕೆ ತಮ್ಮನನ್ನು ಮದುವೆಯಾಗಲಿದ್ದ ಹುಡುಗಿ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಳು. ಅವನು ಹಳೆಯ ಬೋಲ್ಟುಗಳ ಡಬ್ಬಿಯಿಂದ ಚೆನ್ನಾಗಿದ್ದ ಒಂದನ್ನು ಆರಿಸಿ, ಸೀಮೆಎಣ್ಣೆಯಲ್ಲಿ ಉಜ್ಜಿ, ಹೊಸ ಏಳರ ಪಕ್ಕ ಇಟ್ಟ.

"ಎಲ್ಲ ಅಳೆದೆಯಾ?" ಎಂದ ಅಣ್ಣ.

"ಹೂಂ."

ಅಷ್ಟೇ. ಅಣ್ಣ ತಿರುಗಿ ಕೂಡ ನೋಡಲಿಲ್ಲ. ಸ್ಪ್ಯಾನರಿನಲ್ಲಿ ಬಿಗಿದು, ಆಮೇಲೆ ಮೀಟರು ಹಿಡಿದು ನೋಡುವುದು ಅವನ ಪದ್ಧತಿ. ಕೈ ಹೇಳಿದ್ದನ್ನೇ ಮೀಟರೂ ಹೇಳುತ್ತಿತ್ತು.

ಕಾರು ಕೊಟ್ಟ ಹನ್ನೊಂದನೆಯ ದಿನ ಏರುರಸ್ತೆಯಲ್ಲಿ ಇಂಜಿನ್ ಒಡೆಯಿತು. ರಾಡು ಕಬ್ಬಿಣ ಸೀಳಿಕೊಂಡು ಹೊರಬಂದಿತ್ತು. ಕಾರು ಗೋಡೆಗೆ ಬಡಿದು ಡಾಕ್ಟರ ಮಂಡಿ ಪುಡಿಯಾಯಿತು. ತುಂಡಾದ ಬೋಲ್ಟು ಸಿಗಲೇ ಇಲ್ಲ. ಆಸ್ಪತ್ರೆಯ ಮಂಚದ ಪಕ್ಕ ನಿಂತು ಅಣ್ಣ, "ನನ್ನ ಕೈ ತಪ್ಪಿತು ಡಾಕ್ಟ್ರೇ," ಎಂದ. ತಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ. ಅಣ್ಣನಿಗೆ ಗೊತ್ತಾಗಿದೆ, ಗೊತ್ತಾಗಿಯೂ ತನ್ನ ತಲೆ ಮೇಲೆ ಹಾಕಿಕೊಂಡಿದ್ದಾನೆ ಎಂದುಕೊಂಡ.

ಗ್ಯಾರೇಜು ಮುಚ್ಚಿತು. ತಮ್ಮ ಬಸ್ ಡಿಪೋ ಸೇರಿದ. ವಾರವಾರ ಬಂದು ಅಣ್ಣನ ಎದುರು ಕೂರುತ್ತಿದ್ದ. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ. ಎತ್ತದಿರುವುದೇ ಕ್ಷಮೆ ಎಂದು ತಮ್ಮ ನಂಬಿದ್ದ.

*

"ಸ್ವಲ್ಪ ಬಾ ಇಲ್ಲಿ," ಎಂದು ಅತ್ತಿಗೆ ಕರೆದಳು. ಹಿತ್ತಿಲ ಶೆಡ್ಡಿನ ಬೀಗ ತೆಗೆದು ಒಳಗೆ ಕರೆದುಕೊಂಡು ಹೋದಳು. ಮೂಲೆಯಲ್ಲಿ ಕಬ್ಬಿಣ ಕಚ್ಚಿ ಹಿಡಿಯುವ ವೈಸು, ಅದರಲ್ಲಿ ಒಂದು ಬೋಲ್ಟು. ಮೇಲಿನ ಗೋಡೆಯ ತುಂಬ ಸೀಮೆಸುಣ್ಣದ ಅಂಕಿಗಳು. ನಲವತ್ತೈದು, ನಲವತ್ತೈದು, ನಲವತ್ತೈದು. ಅಲ್ಲಲ್ಲಿ ಒಂದು ನಲವತ್ತಾರು.

"ನೀನು ಇದನ್ನ ನೋಡಿಲ್ಲ. ಯಾರಿಗೂ ತೋರಿಸಬೇಡ ಅಂದಿದ್ದರು," ಎಂದಳು. "ದಿನಾ ಬೆಳಿಗ್ಗೆ ಕಾಫಿಗೂ ಮೊದಲು ಇಲ್ಲಿ. ಕಣ್ಣು ಮುಚ್ಚಿ ಬಿಗಿಯೋದು, ಆಮೇಲೆ ಮೀಟರ್ ನೋಡೋದು, ಬರೆಯೋದು. ಗೋಡೆ ತುಂಬಿದರೆ ಸುಣ್ಣ ಹೊಡೆದು ಮತ್ತೆ ಶುರು. ಸರಿಯಾಗೇ ಬರುತ್ತಲ್ಲೇ, ಅವತ್ತೊಂದು ದಿನ ಮಾತ್ರ ಯಾಕೆ ತಪ್ಪಿತು ಅಂತ ನನ್ನ ಕೇಳೋರು. ನಾನೇನು ಹೇಳಲಿ? ನಂಗೇನು ಗೊತ್ತು?"

ತಮ್ಮ ವೈಸಿನ ಮೇಲೆ ಕೈಯೂರಿದ. "ಅಣ್ಣನಿಗೆ... ಗೊತ್ತಿರಲಿಲ್ವಾ?"

"ಏನು ಗೊತ್ತಿರಲಿಲ್ಲ?" ಅತ್ತಿಗೆ ಅವನ ಮುಖ ನೋಡಿದಳು. "ನೀನು ಅವತ್ತು ಪಕ್ಕದಲ್ಲೇ ಇದ್ದೆ. ಅದಕ್ಕೇ ಕರೆದೆ. ನಿಜ ಹೇಳು, ಅವರ ಕೈ ತಪ್ಪಿತ್ತಾ?"

ಅವನು ಹೇಳಿದ. ಡಬ್ಬಿ, ಸೀಮೆಎಣ್ಣೆ, ಬಸ್ ನಿಲ್ದಾಣ, 'ಹೂಂ' ಎಂದದ್ದು. ಅಣ್ಣನಿಗೆ ಗೊತ್ತಿದೆ ಎಂದುಕೊಂಡಿದ್ದನ್ನೂ ಹೇಳಿದ. ಹೇಳಲು ಎರಡು ನಿಮಿಷ ಕೂಡ ಹಿಡಿಯಲಿಲ್ಲ.

ಅತ್ತಿಗೆ ಅಳಲಿಲ್ಲ, ಬೈಯಲಿಲ್ಲ. "ಇಷ್ಟೇನಾ?" ಎಂದಳು. ಆಮೇಲೆ, "ಮೊನ್ನೆ ಭಾನುವಾರನೂ ಬಂದಿದ್ದೆಯಲ್ಲೋ," ಎಂದಳು.

"ವ್ಯಾನ್ ಬಂತು!" ಎಂದು ದರ್ಜಿ ಕೂಗಿದ.

ಅವಳು ನೆಟ್ಟಗೆ ನಡುಮನೆಗೆ ನಡೆದಳು. ಎತ್ತಲು ಬಾಗಿದ್ದವರು ದಾರಿ ಬಿಟ್ಟರು. ಪೆಟ್ಟಿಗೆಯ ಪಕ್ಕ ಮಂಡಿಯೂರಿ, ಗಂಡನ ಬಲಗೈಯನ್ನು ಎದೆಯ ಮೇಲಿಂದ ತೆಗೆದು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡಳು.

"ರೀ, ಕೈ ತಪ್ಪಿರಲಿಲ್ಲವಂತೆ," ಎಂದಳು.

ಈಚೆಗೆ ಅವನಿಗೆ ಕಿವಿ ಮಂದವಾಗಿತ್ತು. ಇನ್ನಷ್ಟು ಹತ್ತಿರ ಬಾಗಿ, ಮತ್ತೊಮ್ಮೆ, ಜೋರಾಗಿ ಹೇಳಿದಳು.

ಆಮೇಲೆ ಎಲ್ಲರೂ ಎತ್ತಲು ಬಾಗಿದರು. ಮೂರು ಹಿಡಿಗಳಿಗೆ ಮೂವರು ಕೈ ಹಾಕಿದ್ದರು. ನಾಲ್ಕನೆಯದು ಖಾಲಿಯಿತ್ತು. ದರ್ಜಿ ತಲೆಯೆತ್ತಿ ಬಾಗಿಲ ಕಡೆ ನೋಡಿದ. ತಮ್ಮ ಹೊಸ್ತಿಲಿನಾಚೆ, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ.