ಕೆಂಪು ಶಾಯಿಯ ಬಿಂದುಗಳು

ಅಳತೆಯಕ್ಕನಿಗೆ ಅವತ್ತು ಮೊದಲ ಸಾಲಿನಲ್ಲೇ ಕುರ್ಚಿ ಸಿಕ್ಕಿತ್ತು. ಮೂವತ್ತೊಂದು ವರ್ಷ ಸೇನೆಯ ಅಳತೆ ವಿಭಾಗದಲ್ಲಿ ಬೆಟ್ಟ ಹತ್ತಿ ಇಳಿದು ಮಂಡಿ ಸವೆಸಿಕೊಂಡವಳು ಅವಳು. ಇಷ್ಟು ವರ್ಷವೂ ಇಂಥ ಸಮಾರಂಭಗಳಲ್ಲಿ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಲ್ಲುವುದೇ ಅವಳ ಪಾಲಿಗೆ ಬಂದಿತ್ತು. ಇವತ್ತು ಕ್ಯಾಪ್ಟನ್ ತಾನೇ ಬಂದು, "ಇಲ್ಲಿ ಕೂತ್ಕೊಳ್ಳಿ ಅಕ್ಕ, ಇದೆಲ್ಲ ನಿಮ್ಮದೇ ಕೆಲಸ ಅಲ್ವಾ" ಎಂದು ಕೂರಿಸಿ ಹೋಗಿದ್ದ. ಹಿಗ್ಗದೆ ಇರಲು ಅವಳೇನು ಕಲ್ಲೇ?

ಕೆಲಸವೇನೋ ಅವಳದೇ ಆಗಿತ್ತು. ಹಳೆಯ ಫಿರಂಗಿಗಳನ್ನೆಲ್ಲ ಗುಜರಿಗೆ ಹಾಕಿ, ಐವತ್ತು ಕಿಲೋಮೀಟರ್ ಹಾರುವ ರಾಕೆಟ್ಟುಗಳನ್ನು ಸೇನೆಗೆ ತಂದಿದ್ದರು. ಎಂಟು ಗಾಲಿಯ ವಾಹನ, ಅದರ ಬೆನ್ನ ಮೇಲೆ ಆರು ಕೊಳವೆ, ಹೊಟ್ಟೆಯೊಳಗೆ ಒಂದು ಕಂಪ್ಯೂಟರು. ಒಂದು ಸಂಖ್ಯೆ ಹೇಳಿದರೆ ಮಿಕ್ಕಿದ್ದನ್ನು ಅದೇ ನೋಡಿಕೊಳ್ಳುತ್ತದೆ. ಆದರೆ ಕಂಪ್ಯೂಟರು ಎಷ್ಟೇ ಜಾಣನಾದರೂ ಯಾವ ಜಾಗ ಎಲ್ಲಿದೆ ಎಂದು ಅದಕ್ಕೆ ಯಾರಾದರೂ ಹೇಳಿಕೊಡಬೇಕಲ್ಲ. ಆಗ ಅಳತೆ ವಿಭಾಗದ ಹಳೆಯ ಪುಸ್ತಕಗಳೇ ಗತಿಯಾದವು. ನಾನೂರ ಹನ್ನೆರಡು ಬಿಂದುಗಳು, ಒಂದೊಂದಕ್ಕೂ ಹದಿನಾರು ಅಂಕಿ. ಪುಸ್ತಕಗಳನ್ನು ಸ್ಕ್ಯಾನ್ ಮಾಡಿದರು, ಟೈಪ್ ಮಾಡಿಸಿದರು, ತಾಳೆ ನೋಡಲೆಂದು ಎರಡನ್ನೂ ಪ್ರಿಂಟ್ ತೆಗೆದು ಅವಳ ಮೇಜಿಗೆ ಕಳಿಸಿದರು.

ತಾಳೆ ನೋಡುವುದರಲ್ಲಿ ಅವಳದೊಂದು ಕಟ್ಟುನಿಟ್ಟಾದ ಪದ್ಧತಿ. ಒಬ್ಬರು ಎರಡೆರಡು ಅಂಕಿಯಾಗಿ ಓದಬೇಕು, ಇನ್ನೊಬ್ಬರು ಗೀಟು ಹಾಕಬೇಕು. ಆ ಜಾಗ ಯಾವುದು, ಅಲ್ಲಿ ಏನಿದೆ ಎಂದು ಯಾರೂ ಯೋಚಿಸುವಂತಿಲ್ಲ. ಯೋಚಿಸಿದರೆ ಕಣ್ಣು ಕಾಗದದ ಮೇಲೆ ಇರುವುದನ್ನು ಬಿಟ್ಟು ಇರಬೇಕಾದ್ದನ್ನು ಓದಿಬಿಡುತ್ತದೆ ಎಂದು ವಿಭಾಗಕ್ಕೆ ಸೇರಿದ ಪ್ರತಿಯೊಬ್ಬರ ಕಿವಿಯಲ್ಲೂ ಅವಳು ಊದಿದ್ದಳು. ಹೀಗೆ ಮೂರು ವಾರ ತಲೆಯೆತ್ತದೆ ಕೂತು, ತಪ್ಪು ಒಂದೂ ಇಲ್ಲ ಎಂದು ಬರೆದು ಸಹಿ ಹಾಕಿದಳು. ನಿಯಮದ ಪ್ರಕಾರ ಹಳೆಯ ಪುಸ್ತಕಗಳು ಕಾಗದದ ಗಿರಣಿಗೆ ಹೋದವು. ಆ ಚೀಟಿಗೂ ಅವಳದೇ ಸಹಿ.

ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ದೊಡ್ಡ ಪರದೆ ಇತ್ತು. ಪಕ್ಕದ ಕಿಟಕಿಯಿಂದ ಮೊದಲನೇ ವಾಹನ ಕಾಣುತ್ತಿತ್ತು, ಮಿಕ್ಕವು ಬೆಟ್ಟಗಳ ಮರೆಯಲ್ಲಿದ್ದವು. ಹಿಂದೆ ದಪ್ಪ ಗಾಜಿನ ಗೋಡೆ, ಅದರಾಚೆ ರಾಕೆಟ್ಟಿನ ಮೊದಲ ಪ್ರದರ್ಶನ ನೋಡಲು ಬಂದ ಅತಿಥಿಗಳು. ಅವರಿಗೆ ಪರದೆಯೂ ಒಳಗಿನವರ ಬೆನ್ನೂ ಕಾಣುತ್ತವೆ, ಮಾತು ಕೇಳಿಸುವುದಿಲ್ಲ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ದೊಡ್ಡ ಸಾಹೇಬರು, ಅಂದರೆ ಇಡೀ ದಳದ ಜನರಲ್, ಒಳಗೆ ಬಂದರು.

"ಭೂಪಟ ಎಲ್ಲಪ್ಪ?" ಎಂದರು ಪರದೆ ನೋಡಿ.

"ಭೂಪಟ ಮುಂದಿನ ತಿಂಗಳು ಬರುತ್ತೆ ಸರ್, ಸದ್ಯಕ್ಕೆ ಪಟ್ಟಿ ಅಷ್ಟೇ" ಎಂದ ಕ್ಯಾಪ್ಟನ್. "ಪಟ್ಟಿಯಲ್ಲಿರೋದೆಲ್ಲ ಅಭ್ಯಾಸದ ಬಯಲಿನ ಜಾಗಗಳೇ. ಅಲ್ಲಿ ಕಲ್ಲು, ಮುಳ್ಳುಕಂಟಿ ಬಿಟ್ರೆ ಇನ್ನೇನೂ ಇಲ್ಲ. ರಾಕೆಟ್ಟಿನ ತಲೇಲೂ ಮದ್ದಿಲ್ಲ ಸರ್, ಅಷ್ಟೇ ತೂಕದ ಕಾಂಕ್ರೀಟು ತುಂಬಿದೀವಿ. ನೀವೇ ಒಂದು ಸಂಖ್ಯೆ ಹೇಳಿ."

"ನನ್ನ ಮನೆ ನಂಬರೇ ಹೇಳ್ತೀನಿ ಬಿಡು. ಮೂವತ್ತೇಳು."

ಎಲ್ಲರೂ ನಕ್ಕರು. ಅಳತೆಯಕ್ಕನೂ ನಕ್ಕಳು. ಕ್ಯಾಪ್ಟನ್ ಗುಂಡಿ ಒತ್ತಿ, ಪರದೆಯ ಮೇಲೆ ಬಂದ ಹದಿನಾರು ಅಂಕಿಗಳನ್ನು ಒಂದೇ ಉಸಿರಿಗೆ ಗಟ್ಟಿಯಾಗಿ ಓದಿದ. ಕಿಟಕಿಯಾಚೆ ವಾಹನದ ಕೊಳವೆಗಳು ನಿಧಾನಕ್ಕೆ ಮೇಲೆದ್ದವು. ನಾಲ್ಕು ನಿಮಿಷದ ಎಣಿಕೆ ಶುರುವಾಯಿತು.

ಅವಳ ನಗು ಅಲ್ಲಿಗೇ ನಿಂತಿತು. ಎರಡೆರಡಾಗಿ ಓದಿದಾಗ ಗುರುತೇ ಸಿಕ್ಕದ ಅಂಕಿಗಳು ಒಟ್ಟಿಗೆ ಕಿವಿಗೆ ಬಿದ್ದ ಕೂಡಲೇ ಅವಳಿಗೆ ಗುರುತು ಹತ್ತಿತು. ಆ ಬಿಂದುವನ್ನು ಅಳೆದವಳು ಅವಳೇ. ಇಪ್ಪತ್ತೆರಡು ವರ್ಷದ ಹಿಂದೆ, ಮೂರು ಬೆಟ್ಟದ ತುದಿಗಳಿಂದ, ಹನ್ನೊಂದು ದಿನ ಬಿಸಿಲಲ್ಲಿ ಬೆಂದು ಅಳೆದಿದ್ದಳು. ಅದು ಬಯಲಲ್ಲ. ಅದು ಹಗ್ಗದ ಕಾರ್ಖಾನೆಯ ಹೊಗೆಗೊಳವೆ. ಅದರ ಬುಡದಲ್ಲಿರುವ ದೊಡ್ಡ ಶೆಡ್ಡಿನಲ್ಲಿ ಈ ಹೊತ್ತಿಗೆ ಬೆಳಗಿನ ಪಾಳಿ ನಡೆಯುತ್ತಿರುತ್ತದೆ. ಆ ಪಾಳಿಯ ಮೇಲ್ವಿಚಾರಕಿ ಅವಳ ಒಡಹುಟ್ಟಿದ ತಂಗಿ.

ಎದ್ದು ನಿಂತಳು. ಎಂಥ ಪೆದ್ದಿ ನಾನು ಎಂಬುದೊಂದೇ ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಹೋಗಿ ಕ್ಯಾಪ್ಟನ್ನನ ತೋಳು ಹಿಡಿದಳು.

"ನಿಲ್ಸಿ. ಅಲ್ಲಿ ಜನ ಇದಾರೆ."

"ಯಾವ ಜನ ಅಕ್ಕ? ಪಟ್ಟಿ ನೋಡಿದೋರು ನೀವೇ ಅಲ್ವಾ? ತಪ್ಪು ಒಂದೂ ಇಲ್ಲ ಅಂತ ನಿಮ್ಮ ಸಹಿ ಇದೆ."

"ಅಂಕಿ ಸರಿ ಇದೆ, ಅಂಕಿ ಎಲ್ಲ ಸರಿ ಇದೆ. ಬಣ್ಣ ಹೋಗಿದೆ."

"ಬಣ್ಣನಾ?"

ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು. ಹಳೆಯ ಫಿರಂಗಿಯನ್ನು ಅವನು ಕೈಯಿಂದ ಮುಟ್ಟಿದವನೇ ಅಲ್ಲ. ಮುಟ್ಟಿದವರಲ್ಲಿ ಹೆಚ್ಚಿನವರು ಫಿರಂಗಿಗಳು ಹೋದಾಗಲೇ ಮನೆಗೆ ಹೋಗಿದ್ದರು. ಅವಳು ದೊಡ್ಡ ಸಾಹೇಬರ ಕಡೆ ತಿರುಗಿ ಗಡಿಬಿಡಿಯಲ್ಲಿ ಹೇಳಿದಳು.

"ಹಳೇ ಫಿರಂಗಿಯವನಿಗೆ ಗುರಿ ಕಣ್ಣಿಗೆ ಕಾಣ್ತಿರಲಿಲ್ಲ ಸರ್, ಅದು ಗುಡ್ಡದ ಆಚೆ ಇರೋದು. ಅದಕ್ಕೇ ಅವನು ಕಾಣೋ ವಸ್ತು ಒಂದನ್ನ ನೋಡ್ಕೊಳ್ತಿದ್ದ. ಹೊಗೆಗೊಳವೆ, ನೀರಿನ ಟ್ಯಾಂಕು, ಶಾಲೆ ಗಂಟೆಯ ಗೋಪುರ, ಇಂಥವು. ಅದರಿಂದ ಇಷ್ಟು ಡಿಗ್ರಿ ಎಡಕ್ಕೆ, ಇಷ್ಟು ಬಲಕ್ಕೆ ಅಂತ ಫಿರಂಗಿ ತಿರುಗಿಸೋನು. ಹೊಡೆಯೋ ಜಾಗಾನೂ ನೋಡೋ ಜಾಗಾನೂ ಒಂದೇ ಪುಸ್ತಕದಲ್ಲಿ ಬರೀತಿದ್ವಿ. ಹೊಡೆಯೋದು ಕಪ್ಪು ಶಾಯಿ, ನೋಡೋದು ಕೆಂಪು ಶಾಯಿ. ಸ್ಕ್ಯಾನ್ ಮಾಡಿದಾಗ ಎಲ್ಲಾ ಕಪ್ಪಾಗಿದೆ. ಮೂವತ್ತೇಳು ಕೆಂಪು ಸರ್. ಹಗ್ಗದ ಕಾರ್ಖಾನೆ. ನನ್ನ ತಂಗಿ ಇದಾಳೆ ಅಲ್ಲಿ."

ದೊಡ್ಡ ಸಾಹೇಬರ ಮುಖ ಸುಣ್ಣದ ಗೋಡೆಯಾಯಿತು. ಅವರೂ ಯಾವ ಕಾಲದಲ್ಲೋ ಫಿರಂಗಿಯ ಹಿಂದೆ ನಿಂತವರೇ ಇರಬೇಕು, ಎರಡನೇ ಮಾತು ಕೇಳಲಿಲ್ಲ.

"ನಿಲ್ಸು" ಎಂದರು.

ಕ್ಯಾಪ್ಟನ್ ಕೆಂಪು ಗುಂಡಿ ಅದುಮಿದ. ಕಿಟಕಿಯಾಚೆ ಮೊದಲನೇ ವಾಹನದ ಕೊಳವೆಗಳು ಕೆಳಗಿಳಿದು ಮಲಗಿದವು. ಅಳತೆಯಕ್ಕ ಮತ್ತೆ ಕುರ್ಚಿಯಲ್ಲಿ ಕೂತಳು. ಯಾರೋ ನೀರು ತಂದುಕೊಟ್ಟರು. ದೊಡ್ಡ ಸಾಹೇಬರು ಅವಳ ಪಕ್ಕದಲ್ಲೇ ಕೂತು, "ಇಂಥ ಕೆಂಪಿನವು ಎಷ್ಟಿವೆಯಮ್ಮ?" ಎಂದು ಮೆಲ್ಲಗೆ ಕೇಳಿದರು. ನೂರಕ್ಕೆ ಕಮ್ಮಿ ಇಲ್ಲ ಎಂದು ಹೇಳಲು ಅವಳು ಲೋಟ ಕೆಳಗಿಡುತ್ತಿದ್ದಳು.

ಆಗ ಪರದೆಯ ಮೇಲೆ ಒಂದು ಸಾಲು ಮೂಡಿತು. ಮೊದಲನೇ ವಾಹನ ನಿಂತಿದೆ, ಕೆಲಸವನ್ನು ಮೂರನೇ ವಾಹನಕ್ಕೆ ವಹಿಸಲಾಗಿದೆ.

"ಮೂರನೇದು ಎಲ್ಲಿದೆ?" ಎಂದರು ಸಾಹೇಬರು.

ಕ್ಯಾಪ್ಟನ್ ಕೀಲಿಮಣೆಯ ಮೇಲೆ ಬಾಗಿದ. ಅವನ ಬೆರಳುಗಳು ಕೀಲಿಗಳ ಮೇಲೆ ತಡಕಾಡುತ್ತಿದ್ದವು. ಅವಸರದಲ್ಲಿ ಅವನು ವಾಹನವನ್ನು ನಿಲ್ಲಿಸಿದ್ದ, ಕೆಲಸವನ್ನು ರದ್ದು ಮಾಡಿರಲಿಲ್ಲ. ಯುದ್ಧದಲ್ಲಿ ಒಂದು ವಾಹನ ಕೆಟ್ಟರೆ ಹೇಳಿಸಿಕೊಳ್ಳದೆ ಇನ್ನೊಂದು ಅದರ ಕೆಲಸ ಮುಗಿಸಲಿ ಎಂದೇ ಈ ವ್ಯವಸ್ಥೆಯನ್ನು ಕಟ್ಟಿದ್ದರು. ಒಂಬತ್ತು ವಾರದ ತರಬೇತಿಯಲ್ಲಿ ಅವನು ಅದನ್ನು ಬಾಯಿಪಾಠ ಮಾಡಿಕೊಂಡಿದ್ದ. ಗಾಬರಿಯಲ್ಲಿ ಬಾಯಿಪಾಠ ಯಾರ ನೆರವಿಗೆ ಬಂದೀತು? ಪಕ್ಕದ ಬೆಟ್ಟದ ಬೆನ್ನಿನಿಂದ ಬಿಳಿ ಗೆರೆಯೊಂದು ಆಕಾಶಕ್ಕೆ ಎದ್ದಿತು. ಸದ್ದು ಆಮೇಲೆ ಬಂದು ಕಿಟಕಿಯ ಗಾಜನ್ನು ಅಲುಗಿಸಿತು.

"ವಾಪಸ್ ಕರೆಸಿ" ಎಂದಳು ಅಳತೆಯಕ್ಕ. ಹಾರಿದ ರಾಕೆಟ್ಟನ್ನು ಯಾರೂ ವಾಪಸ್ ಕರೆಯಲಾರರು ಎಂದು ಅವಳಿಗೆ ಗೊತ್ತಿತ್ತು, ಆದರೂ ಅಂದಳು.

"ಎಪ್ಪತ್ತು ಸೆಕೆಂಡ್ ಇದೆ" ಎಂದ ಕ್ಯಾಪ್ಟನ್. ಅವನು ಅಳುತ್ತಿದ್ದ.

ಮೇಜಿನ ಮೇಲೆ ಹೊರಗಿನ ಫೋನೊಂದಿತ್ತು. ಅವಳ ಬೆರಳೇ ತಂಗಿಯ ಸಂಖ್ಯೆಯನ್ನು ಒತ್ತಿತು. ಎರಡು ಸಲ ರಿಂಗಾಯಿತು, ಮೂರು ಸಲ. ಎತ್ತೇ, ಎತ್ತೇ ಎಂದು ಅವಳು ಹಲ್ಲು ಕಚ್ಚಿದಳು. ಎತ್ತಿದ ಮೇಲೆ ಮೊದಲು ಬಂದದ್ದು ಯಂತ್ರಗಳ ಗಡಗಡ.

"ಏನಕ್ಕ, ಕೆಲಸದ ಹೊತ್ತಲ್ಲಿ? ಟಿವಿಯಲ್ಲಿ ಬರ್ತೀಯಾ?"

"ಹೊರಗೆ ಓಡು. ಏನೂ ಕೇಳ್ಬೇಡ. ಹೊಗೆಗೊಳವೆಯಿಂದ ದೂರ ಓಡು. ಒಂದು ನಿಮಿಷಾನೂ ಇಲ್ಲ, ರಾಕೆಟ್ ಬೀಳುತ್ತೆ."

ಅಕ್ಕ ಇಂಥ ವಿಷಯದಲ್ಲಿ ತಮಾಷೆ ಮಾಡುವವಳಲ್ಲ ಎಂದು ತಂಗಿಗೆ ಗೊತ್ತಿತ್ತು.

"ನಾನೊಬ್ಳೇ ಹೇಗಕ್ಕ ಓಡ್ಲಿ? ಅರವತ್ತು ಜನ ಇದಾರೆ. ತಾಳು, ಎಲ್ಲರನ್ನೂ ಎಬ್ಬಿಸ್ತೀನಿ."

"ಬೇಡ್ವೇ, ನೀನು ಮೊದಲು ಹೋಗೇ."

ಅದನ್ನು ಕೇಳಲು ಆ ಕಡೆ ಯಾರೂ ಇರಲಿಲ್ಲ. ತಂಗಿ ಫೋನನ್ನು ಕಟ್ ಮಾಡದೆ ಎಲ್ಲೋ ಇಟ್ಟು ಹೋಗಿದ್ದಳು. ದೂರದಿಂದ ಅವಳ ದನಿ ಬರುತ್ತಿತ್ತು. ಚಿಕ್ಕಮ್ಮ, ಬಿಟ್ಟು ಏಳಿ. ಏ ದಪ್ಪಿ, ಚಪ್ಪಲಿ ಹುಡುಕ್ಬೇಡ, ನಡಿ. ಅತ್ತಿಗೆ, ಆ ಕಡೆ ಬಾಗಿಲು, ಆ ಕಡೆ. ಯಂತ್ರಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಒಂದು ನಿಂತಿತು, ಇನ್ನೊಂದು ನಿಂತಿತು, ಆಮೇಲೆ ಎರಡು ಒಟ್ಟಿಗೆ ನಿಂತವು. ಕಾಲುಗಳ ಸದ್ದು, ಕಬ್ಬಿಣದ ಬಾಗಿಲು ಸರಿದ ಸದ್ದು. ಅಳತೆಯಕ್ಕ ಫೋನನ್ನು ಕಿವಿ ನೋಯುವಷ್ಟು ಒತ್ತಿಕೊಂಡಿದ್ದಳು.

ಕೊನೆಗೆ ಒಂದೇ ಒಂದು ಯಂತ್ರ ಓಡುತ್ತಿತ್ತು. ತಂಗಿಯ ದನಿ ಹತ್ತಿರ ಬಂತು.

"ಮೂಲೆಯಲ್ಲಿ ಯಾರದು, ಇನ್ನೂ ಕೂತಿರೋದು? ಅಯ್ಯೋ, ನಮ್ಮ ಕಿವುಡಜ್ಜಿಗೆ ಕೇಳ್ಸಿಲ್ಲ ಕಣಕ್ಕ. ಇರು, ಕರ್ಕೊಂಡು ಬರ್ತೀನಿ."

"ಬೇಡ" ಎಂದಳು ಅಳತೆಯಕ್ಕ.

ಹೆಜ್ಜೆಗಳು ದೂರವಾದವು. ಆ ಕೊನೆಯ ಯಂತ್ರ ನಿಲ್ಲಲೇ ಇಲ್ಲ. ಫೋನಿನೊಳಗಿನ ಸದ್ದೆಲ್ಲ ಒಮ್ಮೆಗೇ ಇಲ್ಲವಾಯಿತು.

ಪರದೆ ಹಸಿರಾಯಿತು. ಬಿಂದು ಮೂವತ್ತೇಳು, ಗುರಿಯಿಂದ ವ್ಯತ್ಯಾಸ ಅರವತ್ತು ಸೆಂಟಿಮೀಟರ್ ಎಂದು ದೊಡ್ಡ ಅಕ್ಷರದಲ್ಲಿ ಬಂತು. ಅಳತೆಯಕ್ಕ ಫೋನಿಗೆ ತಂಗಿಯನ್ನು ಕರೆಯುತ್ತಲೇ ಇದ್ದಳು. ಗಾಜಿನ ಆಚೆ ಅತಿಥಿಗಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಅವರಲ್ಲೊಬ್ಬರು ಅವಳ ಕಡೆ ನೋಡಿ ಕೈ ಮುಗಿದರು.