ಕೋಟಿನ ಜೇಬಿನಲ್ಲಿದ್ದ ಬಿರಡೆ

ಗಾಡಿ ತೊಳೆದ ಮೇಲೆ ಅದರ ಬಿರಡೆ ಎಲ್ಲಿ ಹೋಯಿತು ಎಂದು ಹುಡುಕುವುದು ನಮ್ಮೂರಿನ ಎಲ್ಲ ಮನೆಗಳಲ್ಲೂ ಇದ್ದದ್ದೇ.

ನಮ್ಮ ಕಡೆಯ ಆರು ಗಾಲಿಯ ಗಾಡಿ ಅಂದರೆ, ದೊಡ್ಡದೊಂದು ಪ್ಲಾಸ್ಟಿಕ್ ತೊಟ್ಟಿಗೆ ಎರಡೂ ಬದಿಯಲ್ಲಿ ಮೂರು ಮೂರು ಉಬ್ಬು ಟೈರು ಹಾಕಿದಂತೆ. ಕೆಸರಿನಲ್ಲಿ ಹೂತುಹೋಗದೆ ಸಾಗುತ್ತದೆ. ನೀರಿಗಿಳಿದರೆ ತೇಲುತ್ತದೆ. ತೊಟ್ಟಿಯ ಹಿಂಬದಿಯ ತಳದಲ್ಲಿ ಹೆಬ್ಬೆರಳು ತೂರುವಷ್ಟು ಒಂದು ತೂತು ಇರುತ್ತದೆ. ಒಳಗೆ ಸೇರಿದ ಕೊಳೆನೀರು ಅದರಿಂದ ಹೊರಗೆ ಹೋಗಬೇಕು. ಆ ತೂತಿಗೆ ಒಂದು ರಬ್ಬರ್ ಬಿರಡೆ. ತೊಳೆಯುವಾಗ ತೆಗೆಯಬೇಕು, ಆಮೇಲೆ ಹಾಕಬೇಕು. ಕೆಲಸ ಅಷ್ಟೇ. ಆದರೆ ತೊಟ್ಟಿ ಚೆನ್ನಾಗಿ ಒಣಗಲಿ ಎಂದು ಒಂದೆರಡು ದಿನ ಬಿರಡೆ ಹಾಕದೆ ಬಿಡುವುದು ಎಲ್ಲರ ವಾಡಿಕೆ. ಆ ಒಂದೆರಡು ದಿನಗಳಲ್ಲೇ ಅದು ಕಿಟಕಿಯ ಕಟ್ಟೆಗೋ, ಹಬೆಸ್ನಾನದ ಸೌನಾ ಮನೆಯ ಗೂಡಿಗೋ, ಯಾರದೋ ಜೇಬಿಗೋ ಸೇರಿಬಿಡುತ್ತದೆ.

ಗುರುವಾರ ಗಾಡಿ ತೊಳೆದವಳು ಲೆಂಪಿ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಹೆಂಗಸು. ಮನೆಯಿಂದ ಹೊರಟವಳು ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವವಳು. ಒಲೆ ಆರಿಯೇ ಇರುತ್ತದೆ. ಆದರೂ ಮುಟ್ಟಿ ನೋಡಿದ ಮೇಲೇ ಅವಳಿಗೆ ಸಮಾಧಾನ. ಅಂಥವಳು ಅಂದು ಬಿರಡೆ ತೆಗೆದು ಕೈಯಲ್ಲಿ ಹಿಡಿದಾಗ ಮನೆಯೊಳಗಿನಿಂದ ಬ್ರೆಡ್ ಸೀದ ವಾಸನೆ ಬಂತು. ಬಿರಡೆಯನ್ನು ಮೈಮೇಲಿದ್ದ ಹಳೆಯ ಕ್ಯಾನ್ವಾಸ್ ಕೋಟಿನ ಜೇಬಿಗೆ ಹಾಕಿಕೊಂಡು ಅಡುಗೆಮನೆಗೆ ಓಡಿದಳು. ನಾಳೆ ಹಾಕಿದರಾಯಿತು ಅಂದುಕೊಂಡಳು. ನಾಳೆಯ ಹೊತ್ತಿಗೆ ಕೆಸರಿನಲ್ಲಿ ಗಾಡಿ ಓಡಿಸುವ ಶನಿವಾರದ ಕೆಸರು ಕೂಟಕ್ಕೆ ನಲವತ್ತು ಪ್ಯಾಸ್ಟಿ ಬೇಯಿಸುವ ಕೆಲಸ ತಲೆಗೆ ಬಂತು. ಹಿಟ್ಟು, ಮಾಂಸ, ಗೆಡ್ಡೆ, ಒಲೆ. ಬಿರಡೆ ಮರೆತೇಹೋಯಿತು.

ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಗಂಡ ಆರ್ವೋ ಸುದ್ದಿ ಹೇಳಿದ.

"ಈ ಸಲ ಉದ್ದನೆ ಕೆಸರಿಗೆ ಕ್ರಿಸ್ಟಾನೇ ಇಳೀತಾಳೆ. ಹೆಸರು ಕೊಟ್ಟಾಯ್ತು."

ಮಗಳು ಕ್ರಿಸ್ಟಾಗೆ ಹದಿನೇಳು. ತಟ್ಟೆಯಿಂದ ತಲೆ ಎತ್ತದೆ ನಗುತ್ತಿದ್ದಳು.

"ಒಬ್ಬಳೇನಾ?" ಲೆಂಪಿ ಕೇಳಿದಳು.

"ಇಲ್ಲ, ಪಾದ್ರೀನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗ್ತಾಳೆ. ಒಬ್ಬಳೇ ಕಣೇ! ನಾನು ಅವಳ ವಯಸ್ಸಲ್ಲಿ ಕೊಳ ದಾಟಿ ವಾಪಸ್ಸೂ ಬಂದಿದ್ದೆ."

"ನೀನು ಅವಳ ವಯಸ್ಸಲ್ಲಿ ಹಲ್ಲೂ ಮುರ್ಕೊಂಡಿದ್ದೆ."

"ಅಮ್ಮಾ, ಶುರು ಮಾಡ್ಬೇಡ," ಎಂದಳು ಕ್ರಿಸ್ಟಾ. "ಮತ್ತೆ ಕೆಂಪು ಬಾವುಟ ಎತ್ಬಿಡ್ತೀಯ ನೀನು."

ತಂದೆ ಮಗಳು ಇಬ್ಬರೂ ನಕ್ಕರು. ಲೆಂಪಿಯೂ ನಕ್ಕಳು, ಆದರೆ ಮುಖ ಬಿಸಿಯಾಯಿತು. ಕೂಟದ ದಿನ ಕೊಳದ ದಂಡೆಯಲ್ಲಿ ಒಂದು ಕಂಬಕ್ಕೆ ಕೆಂಪು ಬಾವುಟ ಕಟ್ಟಿರುತ್ತಾರೆ. ಅಪಾಯ ಕಂಡರೆ ಯಾರು ಬೇಕಾದರೂ ಹಗ್ಗ ಎಳೆದು ಅದನ್ನು ಏರಿಸಬಹುದು. ಏರಿತೆಂದರೆ ಎಲ್ಲ ಗಾಡಿಗಳೂ ನಿಲ್ಲಬೇಕು. ಹೋದ ವರ್ಷ ಆರ್ವೋನ ಗಾಡಿಯಿಂದ ಹೊಗೆ ಬಂತೆಂದು ಲೆಂಪಿ ಹಗ್ಗ ಎಳೆದಳು. ಅದು ಬರೀ ನೀರಿನ ಹಬೆ. ಒದ್ದೆ ಕೆಸರು ಬಿಸಿ ಎಂಜಿನ್ನಿಗೆ ತಾಗಿ ಎದ್ದದ್ದು. ಇನ್ನೂರು ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಇಡೀ ಚಳಿಗಾಲ ಅಂಗಡಿಯಲ್ಲಿ, ಚರ್ಚಿನಲ್ಲಿ, ಎಲ್ಲಿ ಹೋದರೂ "ಬಾವುಟ ಬಂತು, ಬಾವುಟ ಬಂತು" ಎಂಬ ಮಾತೇ.

ಶನಿವಾರ ಬೆಳಗ್ಗೆ ಬಿಸಿಲು ಚೆನ್ನಾಗಿತ್ತು. ಲೆಂಪಿ ಕೋಟನ್ನು ಪಿಕಪ್ಪಿನ ಸೀಟಿನ ಮೇಲೆ ಬಿಟ್ಟು ಪ್ಯಾಸ್ಟಿಯ ಡಬ್ಬಿ ಇಳಿಸುತ್ತಿದ್ದಳು. ಕೂಟದ ಬಾಗಿಲಲ್ಲಿ ಮೇಜು ಹಾಕಿಕೊಂಡು, ಗಾಡಿಗಳನ್ನು ನೋಡಿ ಒಳಗೆ ಬಿಡಲು ಡಾರ್ಲೀನ್ ಕೂತಿದ್ದಳು. ವಾರವೆಲ್ಲ ಶಾಲೆಯ ಬಸ್ಸು ಓಡಿಸುವ ಡಾರ್ಲೀನ್ ಊರಿನ ರಕ್ಷಣಾ ದಳದಲ್ಲೂ ಇದ್ದಾಳೆ. ಕೆರೆಯ ಮೇಲಿನ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದವರನ್ನು ಎಳೆದು ತಂದ ಕೈ ಅವಳದು.

"ಬಿರಡೆ ಹಾಕಿದೀಯಾ ಆರ್ವೋ?"

"ಹಾಕಿದೆ, ಹಾಕಿದೆ."

"ಬಗ್ಗಿ ನೋಡ್ಲಾ?"

"ಇಪ್ಪತ್ತೆರಡು ವರ್ಷದಿಂದ ಈ ಕೆಸರಲ್ಲಿ ಉಳ್ತಾ ಇದೀನಿ. ನೀನ್ಯಾಕಮ್ಮ ಸೊಂಟ ನೋಯಿಸ್ಕೊತೀಯ? ಹಾಕದಿದ್ರೂ ಏನಾಗತ್ತೆ? ಈ ಕರೀ ಕೆಸರಿದ್ಯಲ್ಲ, ಇದೇ ಬಿರಡೆ. ತೂತಿಗೆ ಹೊಕ್ಕು ಅಂಟಿನ ಹಾಗೆ ಕೂತ್ಬಿಡತ್ತೆ."

"ಕೂರತ್ತೆ, ನಿಜ," ಎಂದಳು ಡಾರ್ಲೀನ್. "ಆದ್ರೆ ಕೆಸರು ಮುಗಿದ್ಮೇಲೆ ಕೊಳ ಇದ್ಯಲ್ಲ ಮಾರಾಯ? ನೀರು ತಾಗಿದ್ರೆ ಕೆಸರು ನಿಲ್ಲತ್ತಾ? ಸಕ್ಕರೆ ಉಂಡೆ ಇಟ್ಟು ತೂತು ಮುಚ್ಚಿದ ಹಾಗಾಯ್ತು. ಇನ್ನೊಂದು ವಿಷಯ. ಒಳಗೆ ನೀರು ಬರೋದು ಗೊತ್ತೇ ಆಗಲ್ಲ. ಕಾಲಡಿ ಹಲಗೆ ಇದೆ, ಅದರ ಕೆಳಗೆ ತುಂಬತ್ತೆ. ಕಾಲು ಒದ್ದೆ ಆಯ್ತಲ್ಲ ಅಂದ್ಕೊಳ್ಳೋ ಹೊತ್ತಿಗೆ ಗಾಡಿಲಿ ನಾಲ್ಕಾಳಿನ ತೂಕ ಸೇರಿರತ್ತೆ."

"ನೀರು ಹೊರಗೆ ಹಾಕೋಕೆ ಪಂಪಿದೆ."

"ಪಂಪಿನ ಬಾಯಿಗೆ ಕೆಸರು ಮೆತ್ಕೊಂಡ್ರೆ?"

"ನಿನ್ನ ಬಾಯಿಗೆ ಯಾವತ್ತೂ ಮೆತ್ಕೊಳ್ಳಲ್ಲ ನೋಡು," ಎಂದ ಆರ್ವೋ. ಹಿಂದೆ ಸಾಲಿನಲ್ಲಿದ್ದವರು ನಕ್ಕರು, ಹಾರ್ನ್ ಹೊಡೆದರು. ಡಾರ್ಲೀನಳಿಗೆ ಬಗ್ಗಿ ನೋಡಲು ಆಗಲಿಲ್ಲ.

ಪಕ್ಕದಲ್ಲೇ ನಿಂತಿದ್ದ ಲೆಂಪಿ ಇದೆಲ್ಲ ಕೇಳಿಸಿಕೊಂಡಳು. ಬಿರಡೆ ಎಂದಾಗ ಮನಸ್ಸಿನಲ್ಲಿ ಏನೋ ಒಂದು ಮಿಸುಕಿತು. ಆದರೆ ಗಂಡನೇ ಹಾಕಿದೆ ಅನ್ನುತ್ತಿದ್ದಾನೆ. ಎಲ್ಲೋ ಸಿಕ್ಕಿರಬೇಕು, ಹಾಕಿರಬೇಕು ಅಂದುಕೊಂಡಳು. ಆರ್ವೋ ಹಾಕಿರಲಿಲ್ಲ. ಎಲ್ಲವನ್ನೂ ಎರಡೆರಡು ಸಲ ನೋಡುವ ಲೆಂಪಿ ತೊಳೆದ ಮೇಲೆ ಹಾಕಿಯೇ ಇರುತ್ತಾಳೆ ಎಂದು ಅವನು ನಂಬಿದ್ದ. ಹೀಗೆ ಒಬ್ಬರನ್ನೊಬ್ಬರು ನಂಬಿ, ಇಬ್ಬರೂ ಬಗ್ಗಿ ನೋಡಲಿಲ್ಲ.

ಡಾರ್ಲೀನ್ ಒಂದು ಮಾತು ಮಾತ್ರ ಬಿಡಲಿಲ್ಲ. "ಲೈಫ್ ಜಾಕೆಟ್ ಹಾಕ್ಕೊಂಡ್ರೆ ನಂಬರ್ ಕೊಡ್ತೀನಿ. ಇಲ್ಲಾಂದ್ರೆ ಇಲ್ಲ."

"ಕೆಸರಲ್ಲಿ ಯಾರು ಈಜ್ತಾರೆ ಡಾರ್ಲೀನ್? ಕಿತ್ತಳೆ ಮೂಟೆ ಕಟ್ಕೊಂಡ ಹಾಗಿರತ್ತೆ. ಎಲ್ಲ ಹುಡುಗ್ರೂ ನೋಡ್ತಾರೆ," ಎಂದು ಕ್ರಿಸ್ಟಾ ಮುಖ ಸಿಂಡರಿಸಿದಳು.

"ನೋಡ್ಲಿ ಬಿಡು. ನೀನು ವಾಪಸ್ ಬರೋದನ್ನೂ ನೋಡ್ಲಿ."

ಕ್ರಿಸ್ಟಾ ಗೊಣಗುತ್ತಲೇ ಜಾಕೆಟ್ ಹಾಕಿಕೊಂಡಳು. ಕಾಲಿಗೆ ಅಪ್ಪ ಕೊಟ್ಟ ತೊಡೆಯವರೆಗಿನ ರಬ್ಬರ್ ಬೂಟು.

ಮಧ್ಯಾಹ್ನ ಅವಳ ಸರದಿ ಬಂತು. ಉದ್ದನೆ ಕೆಸರು ಎಂದರೆ ಸುಮಾರು ಮುನ್ನೂರು ಹೆಜ್ಜೆಯ ಕಪ್ಪು ಜೌಗು. ಅದರಾಚೆ ಕೊಳ, ಕೊಳದಾಚೆ ಗೆದ್ದವರ ಗಂಟೆ. ಕ್ರಿಸ್ಟಾ ಗಾಡಿ ನಡೆಸುವ ಎರಡು ಹಿಡಿಗಳನ್ನೂ ಮುಂದಕ್ಕೆ ನೂಕಿದಳು. ಗಾಡಿ ಮೂತಿ ಎತ್ತಿ ಕೆಸರಿಗೆ ಇಳಿಯಿತು. ಎಡದ ಹಿಡಿ ಎಳೆದರೆ ಎಡಕ್ಕೆ, ಬಲದ್ದು ಎಳೆದರೆ ಬಲಕ್ಕೆ. ಆರು ಗಾಲಿಯೂ ಕೆಸರನ್ನು ಆಕಾಶಕ್ಕೆ ಚಿಮ್ಮಿದವು. ಒಂದು ಕಡೆ ಹೊಟ್ಟೆಯವರೆಗೆ ಹೂತಿತು. ಹುಡುಗಿ ಗಾಬರಿಪಡಲಿಲ್ಲ. ಹಿಡಿಗಳನ್ನು ಒಂದಾದ ಮೇಲೊಂದು ಸಣ್ಣಗೆ ಎಳೆದಳು, ಬಿಟ್ಟಳು. ಗಾಡಿ ಎಮ್ಮೆಯ ಹಾಗೆ ಮೈ ಕೊಡವಿ ಎದ್ದಿತು.

"ನನ್ನ ಮಗಳು!" ಎಂದು ಆರ್ವೋ ಪಕ್ಕದವನ ಬೆನ್ನಿಗೆ ಗುದ್ದಿದ.

ಅಷ್ಟರಲ್ಲಿ ಊರಿನಾಚೆಯ ದೊಡ್ಡ ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬೀಸತೊಡಗಿತು. ಲೆಂಪಿ ಪಿಕಪ್ಪಿನಿಂದ ಕೋಟು ತಂದು ಹಾಕಿಕೊಂಡಳು. ಬೆಚ್ಚಗಿರಲೆಂದು ಜೇಬಿಗೆ ಕೈ ಹಾಕಿದಳು. ಕೈಗೆ ಬಿರಡೆ ಸಿಕ್ಕಿತು.

ಹೊರಗೆ ತೆಗೆದು ನೋಡಿದಳು. ಅದೇ. ಅಂಚಿನಲ್ಲಿ ಸೀಳು ಬಿಟ್ಟಿದ್ದ ಅವರ ಮನೆಯದೇ ಬಿರಡೆ.

ಬಾವುಟದ ಕಂಬ ಹತ್ತು ಹೆಜ್ಜೆ ದೂರದಲ್ಲಿತ್ತು. ಕ್ರಿಸ್ಟಾ ಇನ್ನೂ ಕೆಸರಿನಲ್ಲೇ ಇದ್ದಳು. ಹತ್ತು ಹೆಜ್ಜೆ ಓಡಿ ಹಗ್ಗ ಎಳೆದರೆ ಮುಗಿಯಿತು. ಆದರೆ ಲೆಂಪಿ ನಿಂತಳು. ಆರ್ವೋ ಹೊಸ ಬಿರಡೆ ತಂದು ಹಾಕಿದ್ದರೆ? ಇದು ಹಳೆಯದಾಗಿದ್ದರೆ? ಮಗಳ ಮೊದಲ ಓಟ, ತಾನೇ ಕೆಡಿಸಿದಂತಾದರೆ? ಇಷ್ಟು ಜನ ಮತ್ತೆ ನಕ್ಕರೆ? ಕೇಳೋಣವೆಂದು ಗಂಡನ ಕಡೆ ತಿರುಗಿದಳು. ಅವನು ಜನರ ನಡುವೆ ಕೂಗುತ್ತಿದ್ದ. ಇದೆಲ್ಲ ಅರ್ಧ ನಿಮಿಷ. ಹೆಚ್ಚಲ್ಲ.

ಲೆಂಪಿ ಹಗ್ಗ ಎಳೆದಾಗ ಕ್ರಿಸ್ಟಾ ನೀರಿಗೆ ಇಳಿದಾಗಿತ್ತು. ಬಾವುಟ ಅವಳ ಬೆನ್ನ ಹಿಂದೆ ಏರಿತು. ಅವಳಿಗೆ ಕಾಣಲಿಲ್ಲ.

"ಬಾವುಟ ಬಂತು!" ಎಂದು ಯಾರೋ ಕೂಗಿದರು. ಜನ ನಕ್ಕರು. ಲೆಂಪಿ ಬಿರಡೆಯನ್ನು ತಲೆಯ ಮೇಲೆ ಎತ್ತಿ ಹಿಡಿದಳು. ಆರ್ವೋ ಅವಳ ಕೈಯಲ್ಲಿದ್ದದ್ದನ್ನು ನೋಡಿದ. ಅವನ ನಗು ಅಲ್ಲೇ ನಿಂತಿತು.

ಕೊಳದ ನಡುವೆ ಗಾಡಿಯ ಹಿಂಭಾಗ ನಿಧಾನವಾಗಿ ಕುಸಿಯತೊಡಗಿತು. ಎಂಜಿನ್ ಕೆಮ್ಮಿ ನಿಂತಿತು. ಕ್ರಿಸ್ಟಾ ಎದ್ದು ಹಿಂದಕ್ಕೆ ನೋಡಿದಳು. ಆ ಒಂದು ಚಲನೆಗೇ ಗಾಡಿ ಒಂದು ಬದಿಗೆ ವಾಲಿ ಅವಳನ್ನು ನೀರಿಗೆ ಸುರಿಯಿತು. ತಲೆ ಮುಳುಗಿತು. ತೊಡೆಯುದ್ದದ ಬೂಟಿಗೆ ನೀರು ನುಗ್ಗಿ ಕೆಳಕ್ಕೆ ಜಗ್ಗಿತು. ಆ ಕಿತ್ತಳೆ ಮೂಟೆ ಮೇಲಕ್ಕೆ ಜಗ್ಗಿತು. ಗೆದ್ದದ್ದು ಮೂಟೆ. ತಲೆ ಮೇಲೆ ಬಂತು.

ಡಾರ್ಲೀನ್ ಆಗಲೇ ಸೊಂಟದವರೆಗೆ ನೀರಿನಲ್ಲಿದ್ದಳು. "ಕಾಲು ಬಡೀಬೇಡ! ಹಗ್ಗ ಹಿಡ್ಕೋ! ಬರೀ ಹಿಡ್ಕೊಂಡಿರು ಕಂದಾ, ನಾನು ಎಳ್ಕೋತೀನಿ!" ಎಂದು ಹಗ್ಗದ ಚೀಲ ಎಸೆದಳು. ಮೊದಲ ಸಲ ಸಿಗಲಿಲ್ಲ. ಎರಡನೆಯ ಸಲ ಸಿಕ್ಕಿತು.

ದಂಡೆಗೆ ಬಂದ ಮೇಲೆ ಕ್ರಿಸ್ಟಾ ಹೇಳಿದ ಮೊದಲ ಮಾತು, "ಅಪ್ಪಾ, ಗಾಡಿ ಮುಳುಗಿಸ್ಬಿಟ್ಟೆ." ಆರ್ವೋ ಮಗಳ ಕಾಲ ಬಳಿ ಕೂತು ಬೂಟು ಎಳೆದ. ಬೋರಲು ಹಾಕಿದ. ನೀರು ಸುರಿಯುತ್ತಲೇ ಇತ್ತು. ಅದು ನಿಲ್ಲುವವರೆಗೂ ಅವನು ಬೂಟನ್ನು ಹಾಗೇ ಹಿಡಿದುಕೊಂಡಿದ್ದ.

"ಈ ಬೂಟು ನಾನೇ ಕೊಟ್ಟಿದ್ದು," ಎಂದ. "ಬಿರಡೆ ಹಾಕಿದೆ ಅಂದಿದ್ದೂ ನಾನೇ."

ಸಂಜೆ ಮಗಳು ಸೌನಾದಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದಾಗ ಲೆಂಪಿ ಹೊರಗಿನ ಮೆಟ್ಟಿಲ ಮೇಲೆ ಡಾರ್ಲೀನಳ ಜೊತೆ ಕೂತಿದ್ದಳು. ಕಾಫಿ ಆರಿಹೋಗಿತ್ತು.

"ನಾನು ಸುಮ್ನೆ ನಿಂತಿದ್ದೆ ಡಾರ್ಲೀನ್. ಕೈಯಲ್ಲಿ ಬಿರಡೆ ಇಟ್ಕೊಂಡು ಅರ್ಧ ನಿಮಿಷ ನಿಂತಿದ್ದೆ."

"ಯಾಕೆ?"

"ನಗ್ತಾರೆ ಅಂತ."

ಡಾರ್ಲೀನ್ ತನ್ನ ಕಾಫಿ ಲೋಟ ಕೆಳಗಿಟ್ಟಳು. "ನಾನೂ ನಿಂತಿದ್ದೆ," ಎಂದಳು. "ಬೆಳಗ್ಗೆ, ಮೇಜಿನ ಹತ್ರ. ಬಗ್ಗಿ ನೋಡ್ಬೇಕಿತ್ತು. ಹಾರ್ನ್ ಹೊಡೆದ್ರಲ್ಲ, ನಾಚ್ಕೆ ಆಯ್ತು. ಬಿಟ್ಟೆ."

ಒಳಗೆ ಕಾದ ಕಲ್ಲಿನ ಮೇಲೆ ನೀರು ಬಿದ್ದ ಸದ್ದು ಕೇಳಿತು. ಮಗಳು ಕೆಮ್ಮಿದಳು. ಲೆಂಪಿ ಎದ್ದು ಹೋಗಿ ಬಾಗಿಲಿಗೆ ಕಿವಿಯಿಟ್ಟು ಬಂದಳು.

ಆರ್ವೋ ಚಾವಡಿಯಿಂದ ಒಂದು ಕೊಂಡಿ ಹಿಡಿದುಕೊಂಡು ಬಂದ. ಕೊಂಡಿಯಲ್ಲಿ ಕೊಳದಿಂದ ಎಳೆದು ತಂದ ಗಾಡಿಯ ಕೀಲಿ, ಅದರ ಪಕ್ಕದಲ್ಲೇ ಬಿರಡೆ.

"ಹೀಗೆ ಮಾಡಿದ್ರೆ ಹೇಗೆ? ಬಿರಡೆ ತೆಗೆದ ಕೂಡ್ಲೇ ಕೀಲೀನೂ ತೆಗೀಬೇಕು. ಎರಡೂ ಒಂದೇ ಕೊಂಡಿಗೆ. ಗಾಡಿ ಹೊರಡಿಸ್ಬೇಕು ಅಂದ್ರೆ ಕೀಲಿ ಬೇಕಲ್ಲ? ಕೀಲಿ ಹುಡುಕಿದ್ರೆ ಬಿರಡೆ ಕೈಗೆ ಬರತ್ತೆ. ಮೊದ್ಲು ಅದು ತೂತಿಗೆ, ಆಮೇಲೆ ಇದು ಗಾಡಿಗೆ. ಯಾರು ಹಾಕಿದ್ರು ಅಂತ ಯಾರನ್ನೂ ಕೇಳೋದೇ ಬೇಡ."

"ಇಪ್ಪತ್ತೆರಡು ವರ್ಷ ಬೇಕಾಯ್ತು ನೋಡು ನಿಂಗೆ," ಎಂದಳು ಡಾರ್ಲೀನ್.

"ಆಯ್ತಮ್ಮ. ಅನ್ನು. ಇವತ್ತು ಏನ್ ಬೇಕಾದ್ರೂ ಅನ್ನು."

ಮರುವರ್ಷದ ಕೂಟಕ್ಕೆ ಬಾಗಿಲ ಬಳಿ ಎರಡು ಕುರ್ಚಿ ಇದ್ದವು. ಒಂದರಲ್ಲಿ ಡಾರ್ಲೀನ್, ಇನ್ನೊಂದರಲ್ಲಿ ಆರ್ವೋ. ದಕ್ಷಿಣದ ಊರಿನಿಂದ ಹೊಸ ಗಾಡಿ ತಂದ ಒಬ್ಬ ಸಾಲಿನಲ್ಲೇ ಕೂಗಿದ. "ಬಿರಡೆ ಗಿರಡೆ ಯಾಕ್ರೀ? ಕೆಸರೇ ಮುಚ್ಕೊಳ್ಳತ್ತೆ!"

"ಹೌದಾ?" ಎಂದ ಆರ್ವೋ. "ನಾನೂ ಹಾಗೇ ಅಂತಿದ್ದೆ. ಇಳಿದು ಬನ್ನಿ. ಇಲ್ಲಿ ಬಗ್ಗಿ. ಬೆರಳಿಟ್ಟು ನೋಡಿ." ಹಿಂದಿನವರು ಹಾರ್ನ್ ಹೊಡೆದರು. ಆರ್ವೋ ಆತುರ ಮಾಡಲಿಲ್ಲ. ತಾನೂ ಮೊಣಕಾಲೂರಿ ಕೆಸರಿನಲ್ಲಿ ಕೂತ.

ಕ್ರಿಸ್ಟಾ ಗಿಡ್ಡ ಬೂಟು, ಕಿತ್ತಳೆ ಜಾಕೆಟ್ ಹಾಕಿಕೊಂಡು ಕೆಸರು ದಾಟಿದಳು, ಕೊಳ ದಾಟಿದಳು, ಗಂಟೆ ಬಾರಿಸಿದಳು. ಲೆಂಪಿಯ ಕುರ್ಚಿ ಆ ದಿನ ಬಾವುಟದ ಕಂಬದ ಬುಡದಲ್ಲೇ ಇತ್ತು. ಎರಡು ಸಲ ಹಗ್ಗ ಎಳೆದಳು. ಒಂದು ಸಲ ಗಾಡಿಯೊಂದರಲ್ಲಿ ನಿಜವಾಗಿಯೂ ನೀರು ತುಂಬಿತ್ತು. ಇನ್ನೊಂದು ಸಲ ಏನೂ ಇರಲಿಲ್ಲ, ಮತ್ತೆ ಅದೇ ಹಬೆ. ಯಾರೋ ಒಬ್ಬ ನಕ್ಕ. ಡಾರ್ಲೀನ್ ಹೋಗಿ ನೋಡಿ ಸರಿಯಿದೆ ಎಂದು ಕೈ ಬೀಸುವವರೆಗೂ ಲೆಂಪಿ ಬಾವುಟ ಇಳಿಸಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಗಾಡಿಯ ಬಿರಡೆ ಈಗ ಎಲ್ಲಿದೆ? ಹಾಕಿದ್ದೇವೆ ಎಂಬ ನೆನಪನ್ನು ನಂಬಬೇಡಿ, ಮನೆಯವರು ಹಾಕಿರುತ್ತಾರೆ ಎಂದೂ ಬಿಡಬೇಡಿ. ಎದ್ದು ಹೋಗಿ ಬೆರಳಿಟ್ಟು ನೋಡಿ. ಬಿರಡೆ ಹೊರಗಿದ್ದರೆ ಕೀಲಿಯೂ ಅದರ ಜೊತೆಗೇ ಇರಲಿ. ಕೆಸರಿಗೆ ಇಳಿಯುತ್ತೇವೆ, ನೀರಿಗಲ್ಲವಲ್ಲ ಎಂದು ಜಾಕೆಟ್ಟನ್ನು ಪಿಕಪ್ಪಿನಲ್ಲಿ ಬಿಡಬೇಡಿ. ಕೆಸರು ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆ ಎಂದು ಮೇಲಿನಿಂದ ಯಾರಿಗೂ ಕಾಣುವುದಿಲ್ಲ. ದಂಡೆಯಲ್ಲಿ ನಿಂತವರೇ, ಅನುಮಾನ ಬಂದರೆ ಹಗ್ಗ ಎಳೆಯಿರಿ. ನಕ್ಕರೆ ನಗಲಿ. ಆ ಅರ್ಧ ನಿಮಿಷವನ್ನು ನಿಮ್ಮ ನಾಚಿಕೆಗೆ ಕೊಡಬೇಡಿ, ಗಾಡಿಯಲ್ಲಿ ಕೂತವರಿಗೆ ಕೊಡಿ.