ಅಂಬಮ್ಮನ ಮೂರನೇ ಚೂರು

ಹೊಂಗನೂರಿನ ನಮ್ಮ ಮನೆಯಲ್ಲಿ ಆಗ ವರ್ಷಕ್ಕೆ ಐದು ಬೆಳೆ ರೇಷ್ಮೆಹುಳು ಸಾಕುತ್ತಿದ್ದೆವು. ನನ್ನ ಓರಗಿತ್ತಿ ಅಂಬಮ್ಮನ ತೊಡೆಯ ಮೇಲೆ ಎದ್ದ ಕೆಂಪು ಮಚ್ಚೆಗಳು ಎರಡು ವರ್ಷವಾದರೂ ಹೋಗಲಿಲ್ಲ. ಚನ್ನಪಟ್ಟಣದ ಡಾಕ್ಟರು ಒಂದು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ರೋಗದಿಂದ ಮೈ ಕಾಯುವ ಕಣಗಳು ಅಲ್ಲಿ ಗುಂಪುಗೂಡಿವೆ ಎಂದು ತಿಳಿಯಿತು, ಯಾವ ಬಗೆಯವು ಎಂದು ತಿಳಿಯಲಿಲ್ಲ. ಹಲವು ಬಗೆ ಬೆರೆತಿದ್ದರೆ ಅಷ್ಟು ಭಯವಿಲ್ಲ, ಒಂದೇ ಬಗೆ ತುಂಬಿದ್ದರೆ ಕ್ಯಾನ್ಸರ್ ಇರಬಹುದು. ಇನ್ನೊಂದು ಚೂರು ತೆಗೆದು ಅಂದೇ ಬೆಂಗಳೂರಿನ ಲ್ಯಾಬಿಗೆ ಮುಟ್ಟಿಸಬೇಕು ಅಂದರು.

ಆ ಎರಡನೇ ಚೂರನ್ನು ಒಯ್ದವಳು ನಾನು. ಉಪ್ಪುನೀರಿನ ಬಟ್ಟೆಯಲ್ಲಿ ಸುತ್ತಿ, ಸೀಸೆಗೆ ಹಾಕಿ, ಐಸಿನ ಫ್ಲಾಸ್ಕಿನಲ್ಲಿಟ್ಟು ಕೊಟ್ಟರು. ಬೇರೇನೂ ಹಾಕಬಾರದು ಅಂತ ಚೀಟಿ ಅಂಟಿಸಿದ್ದರು. ಓದಿದೆ. ಓದಿಯೂ, ಅಂಬಮ್ಮನನ್ನು ಮನೆಗೆ ಬಿಟ್ಟು ಹೊರಡುವಾಗ ನನಗೊಂದು ಅನುಮಾನ. ಬೇಸಿಗೆ, ಹಸಿ ಚರ್ಮ, ಕೆಟ್ಟರೆ? ಹುಳುಮನೆ ಶುದ್ಧಿಗೆ ತಂದ ಫಾರ್ಮಲಿನ್ ಅಲ್ಲೇ ಇತ್ತು. ಅದು ಬಿದ್ದ ಕಡೆ ರೋಗವಿಲ್ಲ, ಕೊಳೆಯುವುದಿಲ್ಲ ಎಂದು ನಂಬಿ ಬದುಕಿದವರು ನಾವು. ಒಂದು ಮುಚ್ಚಳ ಸೀಸೆಗೆ ಸುರಿದೆ.

ಲ್ಯಾಬಿನ ದಿಲ್ಶಾದ್ ಡಾಕ್ಟರು ಸೀಸೆ ಬಿಚ್ಚಿದವರೇ ಮುಖ ಹಿಂದಕ್ಕೆಳೆದುಕೊಂಡರು.

"ಫಾರ್ಮಲಿನ್ ಹಾಕಿದವರು ಯಾರಮ್ಮ?"

"ನಾನೇ ಕಣವ್ವ. ಕೆಡ್ದೇ ಇರ್ಲಿ ಅಂತ."

ಅವರು ಬೈಯಲಿಲ್ಲ. ಒಂದೊಂದು ಬಗೆಯ ಕಣದ ಮೈಮೇಲೆ ಒಂದೊಂದು ಗುರುತಿರುತ್ತದಂತೆ. ಇವರು ಹಾಕುವ ಔಷಧಿ ಆ ಗುರುತನ್ನೇ ಹುಡುಕಿ ಅಂಟಿಕೊಂಡು ಕಂದು ಬಣ್ಣ ತೋರಿಸುತ್ತದಂತೆ. "ಫಾರ್ಮಲಿನ್ ತಾಗಿದರೆ ಆ ಗುರುತುಗಳು ಮುಚ್ಚಿಹೋಗುತ್ತವೆ. ಮತ್ತೆ ತೆಗೆಯಬೇಕು," ಅಂದರು.

ಊರಿಗೆ ಮರಳುವ ದಾರಿಯುದ್ದಕ್ಕೂ ಸುಳ್ಳು ಹುಡುಕಿದೆ. ಬಸ್ಸು ಕೆಟ್ಟಿತು ಅನ್ನಲೇ, ಐಸು ಕರಗಿತು ಅನ್ನಲೇ? ಅಂಬಮ್ಮ ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಮುಖ ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ. ಹೇಳಿಬಿಟ್ಟೆ.

"ಚೀಟಿ ಓದಿದ್ಯೇನಕ್ಕ?"

"ಓದ್ದೆ."

"ಓದ್ಬುಟ್ಟೂ ಹಾಕ್ದಾ? ನನ್ ತೊಡೆ ಏನ್ ಹಿಪ್ಪುನೇರಳೆ ತೋಟ್ವಾ, ಬೆಳೆಬೆಳೆಗೂ ಕುಯ್ಯಕ್ಕೆ? ನಾ ಬರಾಕಿಲ್ಲ, ಹೋಗು."

ಮೂರು ದಿನ ನನ್ನೊಡನೆ ಮಾತಿಲ್ಲ. ಹುಳುಗಳಿಗೆ ಸೊಪ್ಪು ಹಾಕುವಾಗಲೂ ಆ ತಟ್ಟೆ ಅವಳದು, ಈ ತಟ್ಟೆ ನನ್ನದು. ನಾನೂ ಒತ್ತಾಯ ಮಾಡಲಿಲ್ಲ. ಕತ್ತರಿ ಬೀಳುವುದು ಅವಳ ಮೈಗೆ. ನಾಲ್ಕನೆಯ ದಿನ ಅವಳೇ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಳು.

"ನಡಿ. ಈ ಸಲ ಫ್ಲಾಸ್ಕು ನನ್ ಮಡ್ಲಲ್ಲೇ ಇರ್ಲಿ. ನಿನ್ ಕೈಗ್ ಮಾತ್ರ ಕೊಡಾಕಿಲ್ಲ."

ಚನ್ನಪಟ್ಟಣದಲ್ಲಿ ಮೂರನೇ ಚೂರು ತೆಗೆಸಿಕೊಂಡು, ಕುಂಟುತ್ತಲೇ ಬೆಂಗಳೂರಿಗೂ ಬಂದಳು.

ವಾರದ ಮೇಲೆ ಇಬ್ಬರೂ ಫಲಿತಾಂಶಕ್ಕೆ ಹೋದೆವು. ಒಳಗೆ ಬರಲು ಅವಳಿಗೆ ಧೈರ್ಯವಾಗಲಿಲ್ಲ, ಬೆಂಚಿನ ಮೇಲೆ ಕೂತಳು. ದಿಲ್ಶಾದ್ ಡಾಕ್ಟರು ನನಗೆ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಅಂಬಮ್ಮನ ಚರ್ಮದೊಳಗೆ ಕಂದು ಚುಕ್ಕಿಗಳು. ಕೆಲವಕ್ಕೆ ಬೇರಿನಂತೆ ಚಾಚಿದ ಕೈಗಳು. ಇನ್ನೊಂದು ಗಾಜಿನಲ್ಲಿ ಬೇರೆ ಬಗೆಯವು.

"ಹಲವು ಬಗೆ ಬೆರೆತಿವೆ. ಸದ್ಯಕ್ಕೆ ಕ್ಯಾನ್ಸರ್ ಕಾಣುತ್ತಿಲ್ಲ. ಮುಲಾಮು ಹಚ್ಚಿ, ಆರು ತಿಂಗಳಿಗೊಮ್ಮೆ ತೋರಿಸಲಿ."

ಹೊರಗೆ ಬರುವಾಗ ಆ 'ಸದ್ಯಕ್ಕೆ' ಅನ್ನುವ ಮಾತು ಹೇಳಲೋ ಬೇಡವೋ ಎಂದು ಯೋಚಿಸಿದೆ. ಅದೊಂದನ್ನು ಬಿಟ್ಟು ಉಳಿದದ್ದು ಹೇಳಿದರೆ ಅವಳು ನಿಶ್ಚಿಂತೆಯಾಗಿ ಮಲಗುತ್ತಾಳೆ. ಒಳ್ಳೆಯದಾಗಲಿ ಅಂತಲೇ ಅಲ್ಲವೇ ಆವತ್ತು ನಾನು ಫಾರ್ಮಲಿನ್ ಸುರಿದದ್ದೂ? ಪಕ್ಕದಲ್ಲಿ ಕೂತು, ಡಾಕ್ಟರು ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ.

ಅಂಬಮ್ಮ ನನ್ನ ಕಡೆ ತಿರುಗಿದಳು.

"ಸದ್ಯಕ್ಕಾ?"

"ಹೂಂ, ಸದ್ಯಕ್ಕೆ."

"ಆರ್ ತಿಂಗ್ಳಿಗೆ ನೀನೂ ಬತ್ತೀಯೇನಕ್ಕ?" ಅಂದಳು.